ಕೆಂಪು ಚೀಟಿಯ ಮೇಲಿನ ಚಿಟ್ಟೆ

ನಲವತ್ತನಾಲ್ಕು ವರ್ಷದ ಗಂಡಸನ್ನು ಊರೆಲ್ಲ 'ಚಿಟ್ಟೆ' ಎಂದು ಕರೆದರೆ ಅವನಿಗೆ ಹೇಗಾಗಬೇಡ, ನೀವೇ ಹೇಳಿ. ಅದೂ ಎಂಥ ಗಂಡಸು? ತೊಂಬತ್ತು ಕೆಜಿ ತೂಕ, ಅರ್ಧ ತಲೆ ಬೋಳು, ಎಷ್ಟು ಸೋಪು ಉಜ್ಜಿದರೂ ಉಗುರಿನ ಸಂದಿಯಿಂದ ಹೋಗದ ಗ್ರೀಸು. ಹದಿನೆಂಟು ವರ್ಷದಿಂದ ಲಿಫ್ಟ್ ರಿಪೇರಿ ಅವನ ಕೆಲಸ. ಆದರೂ ಅವನು ಚೀಲ ಹೆಗಲಿಗೇರಿಸಿಕೊಂಡು ಯಾವುದಾದರೂ ಕಟ್ಟಡದೊಳಗೆ ಕಾಲಿಟ್ಟರೆ ಸಾಕು, ಯಾರಾದರೊಬ್ಬರು ಎರಡೂ ಕೈ ಚಾಚಿ ರೆಕ್ಕೆ ಬಡಿದು ತೋರಿಸುತ್ತಾರೆ. ಕೆಲವರು ಹಾಡಿನ ಮೊದಲ ಸಾಲನ್ನೂ ಗುನುಗುತ್ತಾರೆ, ಶ್ರುತಿ ತಪ್ಪಿಸಿ. ಅವನಿಗೆ ತಲೆ ಚಿಟ್ಟು ಹಿಡಿಯುತ್ತದೆ. ಚಿಟ್ಟೆಗೇ ಚಿಟ್ಟು ಹಿಡಿಯಿತು ಎಂದು ಅದಕ್ಕೂ ನಗುತ್ತಾರೆ.

ಹದಿನಾಲ್ಕನೇ ವಯಸ್ಸಿನಲ್ಲಿ ಹಾಡಿದ ಹಾಡು. ಒಂದೇ ಒಂದು. ಹಳದಿ ಅಂಗಿ ಹಾಕಿಕೊಂಡು, ಅದರ ಅಗಲವಾದ ತೋಳುಗಳನ್ನು ಬಡಿಯುತ್ತ, ಚಿಟ್ಟೆಯೊಂದನ್ನು ಮಾತಾಡಿಸುವ ಹಾಡು. ಆ ವರ್ಷ ಅವನ ಮುಖ ಎಲ್ಲಿ ಇರಲಿಲ್ಲ? ಪೆನ್ಸಿಲ್ ಡಬ್ಬಿ, ಸ್ಕೂಲ್ ಬ್ಯಾಗು, ನೀರಿನ ಬಾಟಲಿ, ಹುಡುಗಿಯರ ನೋಟ್‌ಬುಕ್ಕಿನ ಒಳಹಾಳೆ, ಎಲ್ಲ ಕಡೆಯೂ ಅವನೇ. ಹದಿನಾರು ತುಂಬುವ ಹೊತ್ತಿಗೆ ಗಂಟಲು ಕೈಕೊಟ್ಟಿತು. ಸಾವಿರಾರು ಜನರ ಮುಂದೆ ಮೇಲಿನ ಸ್ವರಕ್ಕೆ ಹೋದವನು ಕಪ್ಪೆಯ ಹಾಗೆ ವಟಗುಟ್ಟಿ ಕೆಳಗೆ ಬಿದ್ದ. ಮೊದಲು ನಕ್ಕವರು ಮುಂದಿನ ಸಾಲಿನವರು. ಅವನನ್ನು ತಲೆಯ ಮೇಲೆ ಕೂರಿಸಿಕೊಂಡು ಮೆರೆಸಿದ್ದ ಸೋದರಮಾವ ಮೂರೇ ತಿಂಗಳಲ್ಲಿ ಇನ್ನೊಬ್ಬ ಹುಡುಗನನ್ನು ಹುಡುಕಿಕೊಂಡ.

ಮಾವ ಹೋದರೂ ಮಾವ ಕಲಿಸಿದ ಸಹಿ ಹೋಗಲಿಲ್ಲ. ಪೀಡೆ ಅಂಟಿಕೊಂಡದ್ದೇ ಅಲ್ಲಿ. ಹದಿನಾಲ್ಕರ ಹುಡುಗನಿಗೆ ಸಹಿ ಎಲ್ಲಿಂದ ಬರಬೇಕು? ಮಾವ ಅವನನ್ನು ಊಟದ ಮೇಜಿಗೆ ಕೂರಿಸಿ ಮೂರು ದಿನ ತಿದ್ದಿಸಿದ್ದ. ಹೆಸರಿನ ಮೊದಲ ಅಕ್ಷರ, ಅದರಿಂದ ಒಂದು ಉದ್ದ ಗೆರೆ, ಗೆರೆಯ ಕೊನೆಗೆ ಮೇಲೆರಡು ಕೆಳಗೆರಡು ಸುತ್ತು, ಎರಡು ಮೀಸೆ: ಚಿಟ್ಟೆ! ಅದೇ ಸಹಿ ಬ್ಯಾಂಕಿಗೆ ಹೋಯಿತು, ಡ್ರೈವಿಂಗ್ ಲೈಸೆನ್ಸಿಗೆ ಹೋಯಿತು, ಕೊನೆಗೆ ಮದುವೆಯ ರಿಜಿಸ್ಟರಿಗೂ ಹೋಯಿತು.

"ನನ್ನ ಹೆಸರಿನ ಪಕ್ಕದಲ್ಲಿ ಹುಳ ಕೂತಿದೆ ರೀ," ಎಂದು ಹೆಂಡತಿ ಈಗಲೂ ರೇಗಿಸುತ್ತಾಳೆ.

ಬದಲಾಯಿಸಬಹುದಿತ್ತಲ್ಲ ಎನ್ನುವುದು ಸುಲಭ. ಅವನು ಪ್ರಯತ್ನಪಡದೆ ಬಿಟ್ಟವನಲ್ಲ. ಬ್ಯಾಂಕಿನವರು, "ಲೈಸೆನ್ಸ್ ಆಫೀಸಿಂದ ಪತ್ರ ತನ್ನಿ," ಎಂದರು. ಆಫೀಸಿನವರು, "ಮೊದಲು ಬ್ಯಾಂಕಿನ ಪತ್ರ ತನ್ನಿ," ಎಂದರು. ಒಂದು ತಿಂಗಳು ಆ ಬಾಗಿಲಿಗೂ ಈ ಬಾಗಿಲಿಗೂ ಅಲೆದು, ಹಾಳಾಗಿ ಹೋಗಲಿ ಎಂದು ಕೈಬಿಟ್ಟ.

ಕಂಪನಿಯ ಮಾಲೀಕನಿಗಂತೂ ಅವನೊಂದು ಆಟದ ಸಾಮಾನು. ಹೊಸ ಕಟ್ಟಡದ ಕೆಲಸ ಹಿಡಿಯಲು ಹೋಗುವಾಗಲೆಲ್ಲ ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದ. "ಒಂದೇ ಒಂದ್ಸಲ ರೆಕ್ಕೆ ಬಡಿದು ತೋರಿಸಿಬಿಡು ಮಾರಾಯ, ಕಾಂಟ್ರಾಕ್ಟ್ ನಮ್ದೇ!" ಎನ್ನುತ್ತಿದ್ದ. ಚಿಟ್ಟೆ ಹಲ್ಲು ಕಚ್ಚಿಕೊಂಡು ಬಡಿಯುತ್ತಿದ್ದ. ಮಾಡದೆ ಏನು ಮಾಡುತ್ತಾನೆ?

ಇದೆಲ್ಲದರಿಂದ ಹೊರಗೆ ಬರಲು ಅವನ ಕಣ್ಣಿಗೆ ಕಂಡಿದ್ದು ಒಂದೇ ದಾರಿ, ಲಿಫ್ಟ್ ಪರೀಕ್ಷಕನ ಪರವಾನಗಿ. ಅದು ಸಿಕ್ಕರೆ ಯಾವ ಮಾಲೀಕನ ಹಂಗೂ ಇಲ್ಲ. ಅವನು ಬಂದು ನೋಡಿ, ಸರಿಯಿದೆ ಎಂದು ಸಹಿ ಹಾಕಿದರೆ ಲಿಫ್ಟ್ ಓಡಬೇಕು, ಇಲ್ಲವೆಂದರೆ ನಿಲ್ಲಬೇಕು. ಅವನ ಸಹಿ ನೋಡಿ ಒಬ್ಬರಾದರೂ ನಗದೆ ಲಿಫ್ಟ್ ಹತ್ತಬೇಕೋ ಬೇಡವೋ ಎಂದು ಯೋಚಿಸಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಎರಡು ವರ್ಷ ಓದಿ ಪರೀಕ್ಷೆ ಪಾಸು ಮಾಡಿದ್ದ. ಇಲಾಖೆಯಿಂದ ಕೊನೆಯ ಪತ್ರ ಬರುವುದೊಂದೇ ಬಾಕಿ ಇತ್ತು.

ಅಷ್ಟರಲ್ಲಿ ಅವನು ನೋಡಿಕೊಳ್ಳುತ್ತಿದ್ದ ಆರು ಮಹಡಿಯ ಕಟ್ಟಡವೊಂದರ ಲಿಫ್ಟ್ ಕೆಟ್ಟಿತು.

ಪೂರ್ತಿ ಕೆಟ್ಟಿದ್ದರೆ ಒಳ್ಳೆಯದಿತ್ತು. ಅದು ಓಡುತ್ತಿತ್ತು, ಆದರೆ ನಿಲ್ಲುವಾಗ ಜಾರುತ್ತಿತ್ತು. ಬ್ರೇಕಿನ ಪಟ್ಟಿ ಸವೆದು ಹೋಗಿತ್ತು. ಚಿಟ್ಟೆ ಬಾಗಿಲಿಗೆ ಕಿವಿಕೊಟ್ಟೇ ಅದನ್ನು ಹೇಳಿದ. ಗಂಟಲು ಹೋದರೂ ಕಿವಿ ಹೋಗಿರಲಿಲ್ಲ, ಆ ವಿಷಯದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೇಲಿನ ಮೆಷಿನ್ ರೂಮಿಗೆ ಹೋಗಿ ಮೇನ್ ಸ್ವಿಚ್ ಆರಿಸಿ, ಅದರ ಹಿಡಿಗೆ ದಾರದಿಂದ ಕೆಂಪು ಚೀಟಿ ಕಟ್ಟಿದ. ಈ ಚೀಟಿ ಅವರ ಕಸುಬಿನಲ್ಲಿ ದೊಡ್ಡ ಮಾತು. ಕೈಯಲ್ಲೇ ಬರೆಯಬೇಕು, ತಾರೀಖು ಗಂಟೆ ಹಾಕಬೇಕು, ಕೆಳಗೆ ಸಹಿ ಇರಬೇಕು. ಸಹಿ ಮಾಡಿದವನ ಹೊರತು ಇನ್ನೊಬ್ಬ ಅದನ್ನು ಬಿಚ್ಚುವಂತಿಲ್ಲ. ಚೀಟಿಯ ಜೊತೆಗೆ ಒಂದು ಬೀಗವೂ ಇರಬೇಕು. ಬೀಗ ಕೊಡಿ ಎಂದು ಮಾಲೀಕನನ್ನು ಮೂರು ಸಲ ಕೇಳಿದ್ದ. "ಬರೋ ವಾರ" ಎಂದು ಮೂರೂ ಸಲ ಅದೇ ಉತ್ತರ.

'ಬ್ರೇಕ್ ಸವೆದಿದೆ. ಸ್ವಿಚ್ ಹಾಕಬೇಡಿ' ಎಂದು ಬರೆದು, ಕೆಳಗೆ ಚಿಟ್ಟೆ ಕೂರಿಸಿ, ಅವನು ಮನೆಗೆ ಹೋದ.

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಮಾಲೀಕನ ಫೋನು. "ಏನಯ್ಯಾ ಮಾಡಿಟ್ಟೆ? ಐದನೇ ಮಹಡಿಯ ಟೀಚರಮ್ಮ ಬಿದ್ದು ಕೈ ಮುರ್ಕೊಂಡಿದಾರೆ!"

"ಸ್ವಿಚ್ ಆರಿಸಿ ಚೀಟಿ ಕಟ್ಟಿ ಬಂದಿದ್ದೆ ಸಾರ್."

"ಚೀಟಿ ಗೀಟಿ ಏನೂ ಇರ್ಲಿಲ್ಲ ಅಂತಾರೆ ಕಟ್ಟಡದ ಸೆಕ್ರೆಟರಿ. ಯಾರೋ ಮರೆತು ಆರಿಸಿರಬೇಕು ಅಂತ ಹಾಕಿದರಂತೆ. ನನ್ನ ಹೆಸರು ಮಾತ್ರ ಎತ್ತಬೇಡಪ್ಪಾ."

ಟೀಚರಮ್ಮ ಎಂದರೆ ಕೆಲಸದಿಂದ ನಿವೃತ್ತರಾದ ಕನ್ನಡ ಮೇಡಂ. ಎಪ್ಪತ್ತೆರಡರ ಒಂಟಿ ಜೀವ. ಆ ಕಟ್ಟಡದಲ್ಲಿ ಅವನ ಎದುರು ರೆಕ್ಕೆ ಬಡಿಯದ ಒಬ್ಬರೇ ಒಬ್ಬರು. "ಲಿಫ್ಟಿನವರೇ" ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ಅವರ ಮಹಡಿಯಲ್ಲಿ ಲಿಫ್ಟು ಒಂದೂವರೆ ಗೇಣು ಕೆಳಗೆ ಜಾರಿ ನಿಂತಿತ್ತು. ನೆಲ ಇದೆಯೆಂದು ಕಾಲಿಟ್ಟವರು ಮುಗ್ಗರಿಸಿ, ಬಲಗೈ ಊರಿ ಬಿದ್ದರು. ಬೀಳಿಸುವುದಕ್ಕೆ ಊರಲ್ಲಿ ಬೇರೆ ಯಾರೂ ಸಿಗಲಿಲ್ಲವೇ ಎಂದು ಅವನಿಗೆ ಲಿಫ್ಟಿನ ಮೇಲೇ ಕೋಪ ಬಂತು.

ಇಲಾಖೆಯಿಂದ ಪತ್ರ ಬಂತು. ಅವನು ಕಾಯುತ್ತಿದ್ದ ಪತ್ರವಲ್ಲ, ವಿಚಾರಣೆಯ ನೋಟಿಸು. ಚೀಟಿ ಕಟ್ಟದೆ ಬಂದದ್ದು ಸಾಬೀತಾದರೆ ಪರವಾನಗಿ ಇಲ್ಲ. ಈಗಿರುವ ಮೆಕ್ಯಾನಿಕ್ ಲೈಸೆನ್ಸೂ ರದ್ದು. ಹತ್ತು ದಿನ ಕಾಲಾವಕಾಶ.

ಚಿಟ್ಟೆ ಮೆಷಿನ್ ರೂಮಿಗೆ ಹೋಗಿ ಟಾರ್ಚ್ ಬಿಟ್ಟು ನೋಡಿದ. ಸ್ವಿಚ್ಚಿನ ಹಿಡಿಯಲ್ಲಿ ದಾರ ಹಾಗೇ ಇತ್ತು. ದಾರದ ಗಂಟಿನಲ್ಲಿ ಉಗುರಿನಷ್ಟು ಕೆಂಪು ಕಾಗದ ಸಿಕ್ಕಿಕೊಂಡಿತ್ತು. ಗಾಳಿಗೆ ಹಾರಿದ್ದಲ್ಲ, ಯಾರೋ ಎಳೆದು ಕಿತ್ತದ್ದು! ಕಿತ್ತು ಏನು ಮಾಡಿಕೊಂಡಿರಬಹುದು ಎಂದು ಅವನಿಗೆ ತಕ್ಷಣ ಹೊಳೆಯಿತು. ಹೊಳೆದದ್ದೇ ಮೈಯೆಲ್ಲ ಉರಿದು ಹೋಯಿತು. ದಾರವನ್ನೂ ಚೂರನ್ನೂ ಬಿಚ್ಚಿ, ಲೈಸೆನ್ಸಿನ ಕವರಿನೊಳಗೆ ಜೋಪಾನವಾಗಿ ಇಟ್ಟುಕೊಂಡ.

ಮೆಟ್ಟಿಲಿಳಿದು ಬರುವಾಗ ಮೂರನೇ ಮಹಡಿಯಲ್ಲಿ ಸೆಕ್ರೆಟರಿಯ ಮನೆ ಬಾಗಿಲು ಅರ್ಧ ತೆರೆಯಿತು. ಸೆಕ್ರೆಟರಿಯ ಹೆಂಡತಿ ಆಚೀಚೆ ನೋಡಿ, "ಸಾರ್, ಒಂದ್ನಿಮಿಷ ಒಳಗೆ ಬನ್ನಿ," ಎಂದು ಪಿಸುಗುಟ್ಟಿದಳು. ಆಕೆಯ ಕಣ್ಣುಗಳು ಅತ್ತು ಅತ್ತು ಊದಿಕೊಂಡಿದ್ದವು. ಒಳಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದು ಅವನ ಮುಂದೆ ತೆಗೆದಳು. ಹಳೆಯ ಪತ್ರಿಕೆಯ ಚಿತ್ರಗಳು, ಹಳದಿ ರಿಬ್ಬನ್ನು, ಒಡೆದ ಪೆನ್ಸಿಲ್ ಡಬ್ಬಿಯ ಮುಚ್ಚಳ. ಎಲ್ಲದರ ಮೇಲೆ ಅವನ ಕೆಂಪು ಚೀಟಿ, ಒಂದು ಮೂಲೆ ಹರಿದದ್ದು.

"ಬಟ್ಟೆ ಒಣಗಿಸೋಕೆ ಟೆರೇಸಿಗೆ ಹೋಗಿದ್ದೆ. ಆ ರೂಮಿನ ಬಾಗಿಲು ತೆರೆದಿತ್ತು. ನಿಮ್ಮ ಚಿಟ್ಟೆ ಕಾಣಿಸ್ತು," ಎಂದಳು ಆಕೆ. "ಹದಿಮೂರು ವರ್ಷದವಳಿದ್ದಾಗ ನಿಮ್ಮ ಸಹಿಗೋಸ್ಕರ ಗೇಟಿನ ಹತ್ರ ಐದು ಗಂಟೆ ನಿಂತಿದ್ದೆ. ನೀವು ಕಾರಿಂದ ಇಳೀಲೇ ಇಲ್ಲ."

"ಬರೆದಿದ್ದು ಓದಿದ್ರಾ?"

ಆಕೆ ತಲೆ ತಗ್ಗಿಸಿದಳು. "ಚಿಟ್ಟೆ ಅಷ್ಟೇ ನೋಡಿದ್ದು."

ಕೇಳಿದಿರಾ? ಇಷ್ಟು ದಪ್ಪ ಅಕ್ಷರದಲ್ಲಿ ಸ್ವಿಚ್ ಹಾಕಬೇಡಿ ಎಂದು ಬರೆದರೆ, ಆ ಮಹಾತಾಯಿ ನೋಡಿದ್ದು ಹುಳ ಮಾತ್ರ!

"ಅದು ಆಟೋಗ್ರಾಫ್ ಅಲ್ಲಮ್ಮಾ," ಎಂದು ಚಿಟ್ಟೆ ಕೂಗಿಬಿಟ್ಟ. "ಜನರ ಜೀವ ಕಾಯೋ ಚೀಟಿ. ಕೊಡಿ ಇಲ್ಲಿ. ಶುಕ್ರವಾರ ವಿಚಾರಣೆ ಇದೆ, ಅದಿಲ್ಲದಿದ್ರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗೆ."

ಆಕೆ ಡಬ್ಬಿಯನ್ನು ಎದೆಗವಚಿಕೊಂಡಳು. "ನಮ್ಮನೆಯವರಿಗೆ ಗೊತ್ತಿಲ್ಲ. ಚೀಟಿ ಇರಲೇ ಇಲ್ಲ ಅಂತ ಬರೆದು ಕೊಟ್ಟಿದಾರೆ. ಈಗ ನಾನೇ ಕಿತ್ತೆ ಅಂದ್ರೆ ಅವರ ಮರ್ಯಾದೆ ಏನಾಗುತ್ತೆ? ಇನ್ನೇನು ಬಂದುಬಿಡ್ತಾರೆ, ನೀವು ಹೋಗಿ ಸಾರ್."

ಕಿತ್ತುಕೊಳ್ಳೋಣವೆಂದು ಅವನ ಕೈ ಮುಂದೆ ಹೋಗಿತ್ತು. ಪರರ ಮನೆಯೊಳಗೆ ಹೆಂಗಸಿನ ಕೈಯಿಂದ ಕಿತ್ತುಕೊಂಡು ಓಡಿದರೆ ಅದಕ್ಕೆ ಇನ್ನೊಂದು ಕೇಸು. ಕೈ ಹಿಂದಕ್ಕೆ ತೆಗೆದುಕೊಂಡು, ಮೂರು ಮಹಡಿ ಇಳಿಯುವಷ್ಟು ಹೊತ್ತೂ ತನ್ನನ್ನೇ ಬೈದುಕೊಂಡ.

"ಅವತ್ತು ಕಾರಿಂದ ಇಳಿದು ಒಂದು ಸಹಿ ಹಾಕಿ ಬಿಸಾಕಿದ್ರೆ ಏನಾಗ್ತಿತ್ತು ನಿಮಗೆ?" ಎಂದಳು ಹೆಂಡತಿ, ಎಲ್ಲ ಕೇಳಿಸಿಕೊಂಡ ಮೇಲೆ.

"ಮಾವ ಇಳಿಯೋಕೆ ಬಿಡ್ತಿರಲಿಲ್ಲ ಕಣೆ. ಸುಲಭಕ್ಕೆ ಸಿಕ್ಕಿದ್ರೆ ಬೆಲೆ ಇರಲ್ಲ ಅಂತಿದ್ದ."

"ಸರಿಯಾಗೇ ಹೇಳಿದಾನೆ," ಎಂದು ಅವಳು ನಿಟ್ಟುಸಿರು ಬಿಟ್ಟಳು.

ವಿಚಾರಣೆಯ ಕೋಣೆಯಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಸುತ್ತಿಗೊಮ್ಮೆ ಟಕ್ಕೆನ್ನುವ ಫ್ಯಾನು, ಒಣಗಿಹೋದ ಸ್ಟಾಂಪ್ ಪ್ಯಾಡು. ಬೇರಿಂಗ್ ಹೋಗಿದೆ ಎಂದು ಫ್ಯಾನಿನ ಬಗ್ಗೆ ಚಿಟ್ಟೆ ಮನಸ್ಸಿನಲ್ಲೇ ತೀರ್ಪು ಕೊಟ್ಟ. ಒಂದು ಕುರ್ಚಿಯಲ್ಲಿ ಸೆಕ್ರೆಟರಿ, ಇನ್ನೊಂದರಲ್ಲಿ ಪ್ಲಾಸ್ಟರ್ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡ ಟೀಚರಮ್ಮ. ಅಧಿಕಾರಿ ಒಳಗೆ ಬಂದವರೇ ಅವನ ಮುಖ ನೋಡಿ ಕಣ್ಣರಳಿಸಿದರು. "ಅರೆ, ನೀವೇ ಅಲ್ವೇನ್ರೀ? ನಮ್ಮ ತಂಗಿ ನಿಮ್ಮ ಫೋಟೋ ದಿಂಬಿನ ಕೆಳಗಿಟ್ಕೊಂಡು ಮಲಗ್ತಿದ್ಲು!" ಎಂದು, ಫೈಲು ಹಿಡಿದ ಕೈಯಲ್ಲೇ ಒಂದು ಸಲ ರೆಕ್ಕೆ ಬಡಿದರು.

ಸೆಕ್ರೆಟರಿ ತಾನು ಚೀಟಿ ನೋಡಲಿಲ್ಲ ಎಂದ. ಅದು ನಿಜವೇ. ಟೀಚರಮ್ಮ, "ಮೆಷಿನ್ ರೂಮಿಗೆ ನಾನು ಹೋಗೋಳಲ್ಲ, ಕಾಣದ್ದನ್ನ ಕಂಡೆ ಅನ್ನಲ್ಲ," ಎಂದರು. ಸೆಕ್ರೆಟರಿಯ ಹೆಂಡತಿಯ ಮಾತೆತ್ತಿದರೆ ಆಕೆ ಇಲ್ಲವೆಂದುಬಿಡಬಹುದು ಎಂದುಕೊಂಡು, ಚಿಟ್ಟೆ ತನ್ನ ಕವರಿನಿಂದ ದಾರವನ್ನೂ ಕೆಂಪು ಚೂರನ್ನೂ ತೆಗೆದು ಮೇಜಿನ ಮೇಲಿಟ್ಟ.

"ಇಷ್ಟು ಚೂರಿಂದ ಏನು ಗೊತ್ತಾಗುತ್ತೆ ರೀ? ಯಾವ ಕಾಗದದ್ದೋ ಏನೋ," ಎಂದು ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಸೆಕ್ರೆಟರಿಯ ಹೆಂಡತಿ ನಿಂತಿದ್ದಳು. ಕೈಯಲ್ಲಿ ಅದೇ ಬಿಸ್ಕತ್ತಿನ ಡಬ್ಬಿ. ಗಂಡನ ಕಡೆ ನೋಡದೆ ನೇರವಾಗಿ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟಳು. "ನಾನು ಕಿತ್ತಿದ್ದು ಸಾರ್. ಇವರಿಗೆ ಗೊತ್ತಿರಲಿಲ್ಲ. ಟೀಚರಮ್ಮನ ಕೈ ನೋಡೋಕಾಗ್ತಿಲ್ಲ ನನಗೆ." ಸೆಕ್ರೆಟರಿಯ ಮುಖ ಬಿಳಿಚಿಕೊಂಡಿತು.

ಚಿಟ್ಟೆ ಚೂರನ್ನು ಚೀಟಿಯ ಹರಿದ ಮೂಲೆಗೆ ತಳ್ಳಿದ. ಎಳೆಗೆ ಎಳೆ ಕೂತಿತು. ತಾರೀಖು ಇತ್ತು, ಗಂಟೆ ಇತ್ತು, ಚಿಟ್ಟೆ ಇತ್ತು. ಅಧಿಕಾರಿ ಎಲ್ಲವನ್ನೂ ಬರೆದುಕೊಂಡರು. ಮೆಕ್ಯಾನಿಕ್ಕಿನ ತಪ್ಪಿಲ್ಲ, ಬೀಗ ಕೊಡದ ಕಂಪನಿಗೆ ನೋಟಿಸು, ಕೇಳದೆ ಸ್ವಿಚ್ ಹಾಕಿದ ಸೆಕ್ರೆಟರಿಗೆ ಎಚ್ಚರಿಕೆ. ಅವನಿಗೆ ಹತ್ತು ದಿನದ ಮೇಲೆ ಮೊದಲ ಸಲ ಸರಿಯಾಗಿ ಉಸಿರಾಡಿದ ಹಾಗಾಯಿತು.

ಆಮೇಲೆ ಅಧಿಕಾರಿ ಚೀಟಿಯ ಫೋಟೋ ತೆಗೆದುಕೊಂಡು, ಅಸಲನ್ನು ನಾಜೂಕಾಗಿ ಮಡಚಿ, ತಮ್ಮ ಅಂಗಿಯ ಜೇಬಿಗೆ ಇಳಿಸಿದರು.

"ಸಾರ್, ಅದು ಫೈಲಿಗೆ," ಎಂದ ಚಿಟ್ಟೆ.

"ಫೈಲಿಗೆ ಫೋಟೋ ಸಾಕು ಬಿಡಿ. ನಮ್ಮ ತಂಗಿಗೆ ಕೊಟ್ರೆ ಕುಣಿದಾಡ್ತಾಳೆ."

ಸುಮ್ಮನಿದ್ದಿದ್ದರೆ ಪರವಾನಗಿಯ ಪತ್ರ ಅವತ್ತೇ ಕೈಗೆ ಬರುತ್ತಿತ್ತು. ಅದು ಅಲ್ಲೇ ಮೇಜಿನ ಬಲತುದಿಯಲ್ಲಿ, ಸೀಲು ಕಾಯುತ್ತ ಬಿದ್ದಿತ್ತು. ಅವನಿಗೂ ಅದು ಕಾಣುತ್ತಿತ್ತು. ಮೂವತ್ತು ವರ್ಷ ರೆಕ್ಕೆ ಬಡಿದವನಿಗೆ ಇನ್ನೊಂದು ಸಲ ಹಲ್ಲು ಗಿಂಜುವುದು ಕಷ್ಟವಾಗಿರಲಿಲ್ಲ. ಆದರೆ ಟೀಚರಮ್ಮನ ಪ್ಲಾಸ್ಟರ್ ಕೈ ಅವನ ಎದುರಿಗೇ ಇತ್ತು.

"ಕೊಡಿ ಸಾರ್," ಎಂದು ಎದ್ದು ನಿಂತು ಕೈಚಾಚಿದ. "ಈ ಚೀಟೀನ ಯಾರೋ ಆಸೆಗೆ ಜೇಬಿಗೆ ಹಾಕ್ಕೊಂಡಿದ್ದಕ್ಕೇ ಒಬ್ಬರ ಕೈ ಮುರಿದಿರೋದು. ನೀವೂ ಅದನ್ನೇ ಮಾಡ್ತಿದೀರಲ್ಲ!"

ಅಧಿಕಾರಿಯ ಮುಖ ಕೆಂಪಗಾಯಿತು. ಚೀಟಿ ಜೇಬಿನಿಂದ ಹೊರಬಂದು ಮೇಜಿನ ಮೇಲೆ ಬಿತ್ತು. ಚಿಟ್ಟೆ ಅದನ್ನು ತಾನೇ ಪಿನ್ನು ಚುಚ್ಚಿ ಫೈಲಿಗೆ ಸೇರಿಸಿದ.

"ಇಷ್ಟೊಂದು ಜಂಬ ಇನ್ನೂ ಇದೆಯಾ?" ಎಂದು ಅಧಿಕಾರಿ ಪರವಾನಗಿಯ ಪತ್ರವನ್ನು ಹತ್ತಿರಕ್ಕೆಳೆದು, ಅದರ ಮೇಲೆ ಕೆಂಪು ಶಾಯಿಯಲ್ಲಿ ಗೀಚಿದರು. "ನೋಡ್ರೀ, ಪರೀಕ್ಷಕರ ಸಹಿ ಓದೋ ಹಾಗಿರಬೇಕು ಅಂತ ನಿಯಮ ಇದೆ. ಹುಳ ಹುಪ್ಪಟೆ ಎಲ್ಲ ನಡೆಯಲ್ಲ. ಹೊಸ ಸಹಿ ಮಾಡಿ ಪ್ರಮಾಣಪತ್ರ ತನ್ನಿ. ಈ ಪತ್ರ ತೋರಿಸಿ, ಬ್ಯಾಂಕಿನವರೂ ಬದಲಾಯಿಸ್ತಾರೆ. ಅಲ್ಲೀವರೆಗೆ ಪರವಾನಗಿ ಇಲ್ಲ."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವನಿಗೆ ಅಳುವೋ ನಗುವೋ ತಿಳಿಯಲಿಲ್ಲ. ಎರಡೂ ಕಡೆ ಅಲೆದರೂ ಸಿಗದಿದ್ದ ಪತ್ರವನ್ನು ಆ ಮನುಷ್ಯ ಹೊಟ್ಟೆಯುರಿಗೆ ಬರೆದುಕೊಟ್ಟಿದ್ದ! ಟೀಚರಮ್ಮ ಎಡಗೈಯಲ್ಲಿ ಕಂಬಿ ಹಿಡಿದು ನಿಧಾನವಾಗಿ ಇಳಿದು ಬಂದು ಪಕ್ಕದಲ್ಲಿ ನಿಂತರು.

"ನಿಮಗೆ ನಾನು ಯಾರು ಅಂತ ಗೊತ್ತಿರಲಿಲ್ಲ ಅಲ್ವಾ ಟೀಚರ್?"

"ಗೊತ್ತಿಲ್ದೆ ಏನಪ್ಪಾ? ನನ್ನ ಕ್ಲಾಸಿನ ಹುಡುಗಿಯರೆಲ್ಲ ಉತ್ತರಪತ್ರಿಕೇಲಿ ಹೆಸರಿನ ಕೊನೆಗೆ ಚಿಟ್ಟೆ ಬಿಡಿಸ್ತಿದ್ರು. ಒಂದು ಚಿಟ್ಟೆಗೆ ಅರ್ಧ ಮಾರ್ಕು ಕಳೀತಿದ್ದೆ. ನಿನ್ನ ಮೇಲೆ ಎಷ್ಟು ಸಿಟ್ಟಿತ್ತು ಗೊತ್ತಾ ನನಗೆ?" ಎಂದರು ಟೀಚರಮ್ಮ. ಬಹುವಚನ ಎಲ್ಲೋ ಕಳಚಿ ಬಿದ್ದಿತ್ತು. "ನಾಳೆ ಸಂಜೆ ಎರಡು ಗೆರೆ ಕಾಪಿ ಪುಸ್ತಕ ತಗೊಂಡು ಮನೆಗೆ ಬಾ. ಪೆನ್ಸಿಲ್ ಚೂಪಾಗಿರಲಿ."

ಅವನು ಹೋದ. ಐದು ಮಹಡಿ ಹತ್ತಿಕೊಂಡೇ ಹೋದ. ಅವನ ತೊಡೆ ಮೇಜಿನ ಕೆಳಗೆ ಹಿಡಿಸುತ್ತಿರಲಿಲ್ಲ. ಟೀಚರಮ್ಮನ ಬಲಗೈ ಪ್ಲಾಸ್ಟರಿನಲ್ಲಿದ್ದುದರಿಂದ ಎಡಗೈಯ ಬೆರಳಲ್ಲೇ ತೋರಿಸಿದರು. ಅವನ ಪೂರ್ತಿ ಹೆಸರು, ಅವ್ವ ಇಟ್ಟದ್ದು, ಹೆಂಡತಿಯ ಹೊರತು ಯಾರಿಗೂ ನೆನಪಿಲ್ಲದ್ದು. ಒಂದೊಂದೇ ಅಕ್ಷರ. ಕೊನೆಯ ಅಕ್ಷರ ಮುಗಿದರೂ ಅವನ ಕೈ ನಿಲ್ಲದೆ ತಾನಾಗಿಯೇ ಸುತ್ತಲು ಹೋಗುತ್ತಿತ್ತು.

"ನಿಲ್ಲಿಸು. ಅಲ್ಲಿಗೆ ಮುಗೀತು ನಿನ್ನ ಹೆಸರು. ಇನ್ನೊಂದ್ಸಲ ಬರಿ."

ಅವನು ಹನ್ನೊಂದು ಪುಟ ಬರೆದ. ಹನ್ನೊಂದನೇ ಪುಟದಲ್ಲಿ ಕೈ ನಿಂತಿತು.

ಪರವಾನಗಿ ಬರಲು ಎರಡು ತಿಂಗಳು ಹಿಡಿಯಿತು. ಈ ಸಲ ಬ್ಯಾಂಕಿನವರು ಆ ಕೆಂಪು ಶಾಯಿಯ ಪತ್ರ ನೋಡಿ ತಕರಾರು ತೆಗೆಯಲಿಲ್ಲ. ಪರೀಕ್ಷಕನಾಗಿ ಅವನು ನಿಲ್ಲಿಸಿದ ಮೊದಲ ಲಿಫ್ಟು ಊರಿನ ಇನ್ನೊಂದು ತುದಿಯದು, ಉಕ್ಕಿನ ಹಗ್ಗದ ಎಳೆಗಳು ಬಿಚ್ಚಿಕೊಂಡದ್ದು. ಮೇಲಿನ ಮಹಡಿಯ ಮೆಟ್ಟಿಲ ಪಕ್ಕದಲ್ಲೇ ಇದ್ದ ಸ್ವಿಚ್ ಆರಿಸಿ, ಸ್ವಂತದ ಬೀಗ ಜಡಿದು, ಕೆಂಪು ಚೀಟಿ ಕಟ್ಟಿದ. ಕೆಳಗೆ ಬರೀ ಹೆಸರು, ಎರಡನೇ ಕ್ಲಾಸಿನ ಮಗು ಬರೆದಷ್ಟು ದುಂಡಗೆ.

ಹೊಸ ಹಗ್ಗ ಬರಲು ಒಂಬತ್ತು ದಿನವಾಯಿತು. ಅಗತ್ಯವಿಲ್ಲದಿದ್ದರೂ ಅವನು ದಿನಾ ಸಂಜೆ ಹೋಗಿ ನೋಡಿ ಬರುತ್ತಿದ್ದ. ಮೊದಲ ದಿನ ಚೀಟಿ ಇತ್ತು. ನಾಲ್ಕನೇ ದಿನವೂ ಇತ್ತು. ಕಟ್ಟಡದವರು ಅದರ ಮುಂದೆಯೇ ಓಡಾಡುತ್ತಿದ್ದರು, ಓದುತ್ತಿದ್ದರು, ಲಿಫ್ಟ್ ಇಲ್ಲವೆಂದು ಗೊಣಗಿಕೊಂಡು ಮೆಟ್ಟಿಲು ಹತ್ತಿಳಿಯುತ್ತಿದ್ದರು. ಇದಕ್ಕಾಗಿಯೇ ಅಲ್ಲವೇ ಅವನು ಇಷ್ಟು ಒದ್ದಾಡಿದ್ದು? ಆದರೂ ಆರನೇ ದಿನ ಆ ದುಂಡು ಹೆಸರನ್ನು ಒಂದು ಕೈಯೂ ಮುಟ್ಟಿಲ್ಲವೆಂದು ನೋಡಿದಾಗ ಅವನಿಗೆ ಎಲ್ಲೋ ಒಳಗೆ ಸಂಕಟವಾಯಿತು. ಥೂ, ಎಂಥ ಮನಸ್ಸಪ್ಪಾ ಇದು ಎಂದು ತನ್ನ ಮೇಲೇ ರೇಗಿಕೊಂಡ. ಹೆಂಡತಿಗೂ ಹೇಳಲಿಲ್ಲ.

ಒಂಬತ್ತನೇ ದಿನ ಹಗ್ಗ ಕೂರಿಸಿದ ಮೇಲೆ, ಹತ್ತು ಸಲ ಓಡಿಸಿ ನೋಡಿ, ಬೀಗ ತೆಗೆದ. ಚೀಟಿಯನ್ನು ತಾನೇ ಬಿಚ್ಚಿ, ಇನ್ನೊಂದು ಸಲ ಯಾರೂ ಬಳಸದಂತೆ ನಿಯಮದ ಪ್ರಕಾರ ನಾಲ್ಕು ಚೂರು ಮಾಡಿ, ಬುಟ್ಟಿಗೆ ಹಾಕಿ, ಲಿಫ್ಟಿನಲ್ಲೇ ಕೆಳಗಿಳಿದ.